ಬಿಟ್ಟುಹೋದ ಕಬ್ಬಿಣ, ಕೊಂಡೊಯ್ದ ಮಾತು

ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯಲ್ಲಿ, ಎಂಡೆವರ್ ನದಿಯು ಸಮುದ್ರವನ್ನು ಸೇರುವ ಎಡೆಯಲ್ಲಿ, ಕುಕ್‌ಟೌನ್ ಎಂಬ ಚಿಕ್ಕ ಊರಿದೆ. ಐರ್ಲೆಂಡಿನಿಂದ ಬಂದ ಕ್ರೈಸ್ತ ಸಂನ್ಯಾಸಿನಿಯರಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಎರಡಂತಸ್ತಿನ ಇಟ್ಟಿಗೆಯ ಮಠವೊಂದು ಅಲ್ಲಿದ್ದು, 1970ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಆ ವರ್ಷ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಬಂದು ಅದನ್ನು ಉದ್ಘಾಟಿಸಿದರು. ಇಂದು ಅದನ್ನು ನೋಡಲು ಬರುವವರು ಹುಡುಕಿಕೊಂಡು ಹೋಗುವ ಮುಖ್ಯ ವಸ್ತುವೆಂದರೆ ಒಂದು ಲಂಗರು. ಆಳುದ್ದವನ್ನು ಮೀರಿದ ಕಬ್ಬಿಣದ ದಂಡು, ಅದರ ಬುಡದಲ್ಲಿ ಎರಡು ಕಡೆಗೂ ಬಾಗಿದ ತೋಳುಗಳು, ತೋಳುಗಳ ತುದಿಯಲ್ಲಿ ನೆಲವನ್ನು ಕಚ್ಚುವ ಅಗಲವಾದ ಅಲಗುಗಳು. ಜೇಮ್ಸ್ ಕುಕ್ ನಡೆಸಿದ ‘ಎಂಡೆವರ್’ ಎಂಬ ಹಡಗಿನ ಲಂಗರು ಅದು. ಊರಿನ ಹೆಸರಿಗೂ ನದಿಯ ಹೆಸರಿಗೂ ಕಾರಣವಾದ ಯಾನದ ಸಾಕ್ಷಿಯೆಂದು ಅದನ್ನು ಅಲ್ಲಿ ಕಾಪಾಡಿಕೊಂಡು ಬರಲಾಗಿದೆ.

ಬಂದರು ಊರುಗಳಲ್ಲಿ ಹಳೆಯ ಲಂಗರುಗಳನ್ನು ಮೆರೆಸುವುದು ಲೋಕರೂಢಿ. ಸಿಡ್ನಿಯ ಮಕ್ವಾರಿ ಪ್ಲೇಸ್ ಎಂಬ ಉದ್ಯಾನದಲ್ಲಿ 1790ರಲ್ಲಿ ಒಡೆದುಹೋದ ‘ಸೈರಿಯಸ್’ ಹಡಗಿನ ಲಂಗರಿದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ತಿನ ಸಮುದ್ರದಂಡೆಯಲ್ಲಿ ನೆಲ್ಸನ್ನನ ‘ವಿಕ್ಟರಿ’ಯ ಲಂಗರಿದೆ. ಇಂಥವುಗಳ ಮುಂದೆ ನಿಂತವರಿಗೆ ಲಂಗರೆಂದರೆ ಬಂದು ನಿಂತದ್ದರ, ನೆಲೆಯೂರಿದ್ದರ ಸಂಕೇತವೆಂದೇ ತೋರುತ್ತದೆ. ಕುಕ್‌ಟೌನಿನ ಲಂಗರು ಮಾತ್ರ ಈ ಅರ್ಥಕ್ಕೆ ಒಗ್ಗುವುದಿಲ್ಲ. ಅದು ಆ ಊರಿನ ನೆಲಕ್ಕೆ ಊರಿದ ಲಂಗರಲ್ಲ. ಊರು ಇನ್ನೂ ಹುಟ್ಟುವುದಕ್ಕೆ ನೂರ ಮೂರು ವರ್ಷ ಮೊದಲು, ದಡದಿಂದ ಬಹುದೂರದ ಹವಳದ ದಿಬ್ಬದ ಮೇಲೆ, ಜೀವ ಉಳಿಸಿಕೊಳ್ಳುವ ಆತುರದಲ್ಲಿ ಹಗ್ಗ ಕಡಿದು ಬಿಟ್ಟುಹೋದ ಕಬ್ಬಿಣ ಅದು. ಅದೇ ಜನ ಅದೇ ದಿನಗಳಲ್ಲಿ ಆ ನೆಲದಿಂದ ಒಂದು ಮಾತನ್ನು ಕೊಂಡೊಯ್ದರು. ಬಿಟ್ಟುಹೋದದ್ದಕ್ಕೂ ಕೊಂಡೊಯ್ದದ್ದಕ್ಕೂ ಮುಂದಿನ ಇನ್ನೂರು ವರ್ಷಗಳಲ್ಲಿ ಒದಗಿದ ಗತಿಯನ್ನು ಜೊತೆಗಿಟ್ಟು ನೋಡುವುದು ಭಾಷಾಸಾಹಿತ್ಯದ ವಿದ್ಯಾರ್ಥಿಗಳಿಗೆ ಪ್ರಯೋಜನಕರ.

ಮೊದಲು ಕನ್ನಡದ ಪದವನ್ನೇ ಗಮನಿಸಬಹುದು. ‘ಲಂಗರು’ ಪಾರಸಿಯ ‘ಲಂಗರ್’ ಎಂಬುದರಿಂದ ಬಂದದ್ದು. ತಮಿಳಿನ ‘ನಂಗೂರಂ’, ಮಲಯಾಳದ ‘ನಂಕೂರಂ’ ಅದರ ಬಂಧುಗಳು. ಮರಾಠಿಯಲ್ಲಿ ‘ನಾಂಗರ’ ಎಂದರೆ ನೇಗಿಲೂ ಹೌದು, ಲಂಗರೂ ಹೌದು. ಎರಡೂ ಕೊಕ್ಕೆಯಂತೆ ಬಾಗಿ ನೆಲಕ್ಕೆ ಇಳಿಯುವ ಸಾಧನಗಳಾದುದರಿಂದ ಈ ಕೂಡುವಿಕೆ ಅಸಹಜವೆನಿಸುವುದಿಲ್ಲ. ಆದರೆ ಒಂದು ನೆಲವನ್ನು ಸೀಳುತ್ತ ಮುಂದೆ ಸಾಗುವುದಕ್ಕೆ, ಇನ್ನೊಂದು ನೆಲವನ್ನು ಕಚ್ಚಿ ನಿಲ್ಲುವುದಕ್ಕೆ. 1770ರ ಜೂನ್ ತಿಂಗಳ ಆ ರಾತ್ರಿ ಎಂಡೆವರ್ ಹಡಗಿನವರು ತಮ್ಮ ಲಂಗರುಗಳನ್ನು ಬಳಸಿದ್ದು ನಿಲ್ಲುವುದಕ್ಕಲ್ಲ, ಚಲಿಸುವುದಕ್ಕೆ. ನಿಂತುಬಿಟ್ಟಿದ್ದೇ ಅವರ ಸಂಕಟವಾಗಿತ್ತು.

ಎಂಡೆವರ್ ಯುದ್ಧಕ್ಕಾಗಿ ಕಟ್ಟಿದ ನೌಕೆಯಲ್ಲ. ಇಂಗ್ಲೆಂಡಿನ ವಿಟ್ಬಿ ಎಂಬಲ್ಲಿ ಕಲ್ಲಿದ್ದಲು ಸಾಗಿಸಲೆಂದು 1764ರಲ್ಲಿ ಕಟ್ಟಿದ, ಅಗಲವಾದ ಚಪ್ಪಟೆ ತಳದ ಸರಕಿನ ಹಡಗು. 1768ರಲ್ಲಿ ನೌಕಾದಳ ಅದನ್ನು ಕೊಂಡು ಹೆಸರು ಬದಲಿಸಿ, ತಹಿತಿ ದ್ವೀಪದಲ್ಲಿ ಶುಕ್ರಸಂಕ್ರಮಣವನ್ನು ನೋಡಿಬರಲೆಂದು ಕುಕ್‌ನ ವಶಕ್ಕೆ ಕೊಟ್ಟಿತು. ಜೊತೆಯಲ್ಲಿ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್, ಡೇನಿಯಲ್ ಸೊಲಾಂಡರ್, ಚಿತ್ರಕಾರ ಸಿಡ್ನಿ ಪಾರ್ಕಿನ್ಸನ್ ಇದ್ದರು. ತಹಿತಿಯಲ್ಲಿ ಹಡಗನ್ನೇರಿದ ತುಪಾಯಿಯಾ ಎಂಬ ಪಾಲಿನೇಷ್ಯದ ಪುರೋಹಿತನೂ ನಾವಿಕನೂ ಆದ ವಿದ್ವಾಂಸನಿದ್ದನು. ನ್ಯೂಜಿಲೆಂಡನ್ನು ಸುತ್ತಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯುದ್ದಕ್ಕೂ ಬಡಗಣಕ್ಕೆ ಸಾಗುತ್ತಿದ್ದ ಹಡಗು, ಬೆಳದಿಂಗಳ ರಾತ್ರಿಯಲ್ಲಿ ಹನ್ನೊಂದು ಗಂಟೆಗೆ ತುಸು ಮುಂಚೆ, ಹವಳದ ದಿಬ್ಬಕ್ಕೆ ಬಡಿದು ಕುಳಿತಿತು. ಹಡಗಿನ ದಿನಚರಿಯ ಲೆಕ್ಕದಲ್ಲಿ ಅದು ಜೂನ್ 11. ಬಡಿದದ್ದು ಭರತದ ಹೊತ್ತಿನಲ್ಲಾದ್ದರಿಂದ ನೀರು ಇಳಿದಂತೆಲ್ಲ ಹಡಗು ಇನ್ನಷ್ಟು ಬಿಗಿಯಾಗಿ ಕೂರುವಂತಾಯಿತು.

ಇಂಥ ಸಮಯದಲ್ಲಿ ನಾವಿಕರಿಗೆ ತಿಳಿದಿರುವ ಉಪಾಯ ಎರಡು. ಒಂದು, ಭಾರವನ್ನು ಇಳಿಸುವುದು. ಆರು ತೋಪುಗಳು, ತಳದಲ್ಲಿ ತುಂಬಿದ್ದ ಕಬ್ಬಿಣ ಮತ್ತು ಕಲ್ಲು, ಪೀಪಾಯಿಗಳು, ಎಣ್ಣೆಯ ಜಾಡಿಗಳು, ಕೆಟ್ಟುಹೋದ ಸಾಮಗ್ರಿಗಳು, ಎಲ್ಲ ಸೇರಿ ನಲವತ್ತು ಐವತ್ತು ಟನ್ನುಗಳಷ್ಟು ಭಾರ ಸಮುದ್ರಕ್ಕೆ ಬಿತ್ತು. ಇನ್ನೊಂದು, ಲಂಗರುಗಳನ್ನು ದೋಣಿಗಳಲ್ಲಿ ಒಯ್ದು ಆಳದ ನೀರಿನಲ್ಲಿ ಬಿಟ್ಟು, ಅವು ನೆಲವನ್ನು ಕಚ್ಚಿದ ಮೇಲೆ ಅವುಗಳ ಹಗ್ಗವನ್ನು ಹಡಗಿನ ಮೇಲಿನ ರಾಟೆಗೆ ಸುತ್ತಿ ಎಳೆಯುವುದು. ಗಾಣದ ಎತ್ತಿನಂತೆ ಆಳುಗಳು ಸುತ್ತು ತಿರುಗಿದಾಗ ಲಂಗರು ಹಡಗಿನತ್ತ ಬರಬಾರದು, ಹಡಗು ಲಂಗರಿನತ್ತ ಸರಿಯಬೇಕು. ಮಾರನೆಯ ದಿನದ ಹಗಲಿನ ಭರತದಲ್ಲಿ ಹಡಗು ಏಳಲಿಲ್ಲ. ಒಂದೂವರೆ ಅಡಿ ನೀರು ಕಡಿಮೆಬಿತ್ತು. ರಾತ್ರಿಯ ಭರತದಲ್ಲಿ ಎದ್ದಿತು. ಕಲ್ಲಿನ ಮೇಲೆ ಅದು ಕುಳಿತಿದ್ದುದು ಸುಮಾರು ಇಪ್ಪತ್ತಮೂರು ಗಂಟೆ.

ಎದ್ದ ಮೇಲಿನ ಒಂದು ಸಣ್ಣ ಸಂಗತಿ ಈ ಪ್ರಬಂಧದ ಮುಂದಿನ ಮಾತಿಗೆ ಬೇಕಾದದ್ದು. ತಳ ಒಡೆದಿದ್ದ ಹಡಗಿನಲ್ಲಿ ಎಷ್ಟು ನೀರು ತುಂಬಿದೆಯೆಂದು ಒಬ್ಬ ಆಳು ಅಳೆಯುತ್ತಿದ್ದನು. ಅವನ ಪಾಳಿ ಮುಗಿದು ಇನ್ನೊಬ್ಬ ಬಂದು ಅಳೆದಾಗ ನೀರು ಒಮ್ಮೆಲೇ ಹದಿನಾರು ಹದಿನೆಂಟು ಅಂಗುಲ ಏರಿದಂತೆ ಕಂಡಿತು. ಎಲ್ಲರ ಎದೆ ಝಲ್ಲೆಂದಿತು. ವಿಚಾರಿಸಿದರೆ, ಮೊದಲಿನವನು ಒಳಹಲಗೆಯಿಂದ ಅಳೆದಿದ್ದನು, ಎರಡನೆಯವನು ಹೊರಹಲಗೆಯಿಂದ. ನೀರು ಏರಿರಲೇ ಇಲ್ಲ. ಇಬ್ಬರ ಅಳತೆಯೂ ಸರಿಯಾಗಿತ್ತು; ಅಳೆಯಲು ಹಿಡಿದ ಬುಡ ಬೇರೆಯಾಗಿತ್ತು.

ಬೆಳಗಾದ ಮೇಲೆ ಹಡಗಿನ ಮುಂಭಾಗದ ಎರಡು ದೊಡ್ಡ ಲಂಗರುಗಳಲ್ಲಿ ಒಂದನ್ನು ಮೇಲಕ್ಕೆತ್ತಲು ಸಾಧ್ಯವಾಯಿತು. ನಾವಿಕರ ರೂಢಿಯಲ್ಲಿ ‘ಸಣ್ಣದು’ ಎಂದು ಕರೆಸಿಕೊಳ್ಳುವ, ಆದರೆ ಗಾತ್ರದಲ್ಲಿ ಅಷ್ಟೇನೂ ಸಣ್ಣದಲ್ಲದ ಇನ್ನೊಂದು ಹವಳದಲ್ಲಿ ಸಿಕ್ಕಿಕೊಂಡು ಏಳಲಿಲ್ಲ. ಅದರ ಹಗ್ಗವನ್ನು ಕಡಿದುಬಿಟ್ಟರು. ಪಟವೊಂದಕ್ಕೆ ಹಳೆಯ ಹಗ್ಗದ ನಾರು, ಉಣ್ಣೆ, ಸಗಣಿ ಮೆತ್ತಿ ಹಡಗಿನ ಹೊಟ್ಟೆಯ ಕೆಳಗಿನಿಂದ ಎಳೆದು ತೂತಿಗೆ ಹೊದಿಸಿದರು; ಸೋರುವಿಕೆ ತಗ್ಗಿತು. ಹೀಗೆ ಕುಂಟುತ್ತ ಬಂದು ಜೂನ್ 17ರಂದು ಒಂದು ನದಿಯ ಬಾಯಿಯನ್ನು ಹೊಕ್ಕರು. ದಡದಲ್ಲಿ ಹಡಗನ್ನು ಒರಗಿಸಿದಾಗ ತೂತಿನಲ್ಲಿ ಹವಳದ ದೊಡ್ಡ ಚೂರೊಂದು ಬೆಣೆಯಂತೆ ಸಿಕ್ಕಿಕೊಂಡಿತ್ತು. ಒಡೆದ ಕಲ್ಲೇ ಒಡೆತವನ್ನು ಮುಚ್ಚಿ ಅವರನ್ನು ಕಾದಿತ್ತು. ಆಗಸ್ಟ್ 4ರವರೆಗೆ, ಸರಿಸುಮಾರು ಏಳು ವಾರ, ಅವರು ಅಲ್ಲಿ ತಂಗಿದರು. ಆಸ್ಟ್ರೇಲಿಯಾದ ನೆಲದಲ್ಲಿ ಆ ಯಾನದವರು ಇಷ್ಟು ದೀರ್ಘಕಾಲ ನಿಂತದ್ದು ಬೇರೆಲ್ಲೂ ಇಲ್ಲ. ಅದು ಅವರು ಆರಿಸಿಕೊಂಡ ತಂಗುದಾಣವಲ್ಲವೆಂಬುದನ್ನು ಮರೆಯಬಾರದು.

ಆ ನೆಲ ಗೂಗು ಯಿಮಿದಿರ್ ಭಾಷೆಯ ಜನರದು. ‘ಗೂಗು’ ಎಂದರೆ ಮಾತು, ‘ಯಿಮಿ’ ಎಂದರೆ ಇದು, ಕೊನೆಯದು ‘ಉಳ್ಳ’ ಎಂಬರ್ಥದ ಪ್ರತ್ಯಯ: ‘ಇದು’ ಎಂಬುದಕ್ಕೆ ‘ಯಿಮಿ’ ಎನ್ನುವ ನುಡಿ ಎಂದು ತಾತ್ಪರ್ಯ. ನೆರೆಯವರಿಗಿಂತ ತಾವು ಬೇರೆಯೆಂಬುದನ್ನು ಒಂದು ಸರ್ವನಾಮದಿಂದ ಗುರುತಿಸಿಕೊಂಡ ಜನ! ವ್ಯಾಕರಣದ ಪಾಠ ಮಾಡುವವರಿಗೆ ಇದಕ್ಕಿಂತ ಸೊಗಸಾದ ಉದಾಹರಣೆ ದೊರೆಯುವುದು ಕಷ್ಟ. ಹಡಗು ಒರಗಿದ್ದ ನದೀತೀರ ವೈಂಬೂರ್ ಎಂಬ ತಾಣ. ಅಲ್ಲಿ ಯಾರ ರಕ್ತವೂ ಚೆಲ್ಲಬಾರದು, ಸುತ್ತಣ ಕುಲಗಳವರು ಬಂದು ತಮ್ಮ ವ್ಯಾಜ್ಯಗಳನ್ನು ತೀರಿಸಿಕೊಳ್ಳುವ ಸಮಾನ ನೆಲ ಅದು ಎಂದು ಅಲ್ಲಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಕುಕ್‌ಗೆ ಇದು ತಿಳಿದಿರಲಿಲ್ಲ. ಮೂರು ವಾರಗಳವರೆಗೆ ದೂರದಿಂದಲೇ ನೋಡುತ್ತಿದ್ದ ಆ ಜನ ಜುಲೈ 10ರಂದು ಹತ್ತಿರ ಬಂದರು. ಆಯುಧಗಳನ್ನು ಕೆಳಗಿಟ್ಟು ಕೂರುವಂತೆ ಅವರನ್ನು ಒಪ್ಪಿಸಿದವನು ತುಪಾಯಿಯಾ. ಅವನಿಗೂ ಅವರ ಭಾಷೆ ಬಾರದು. ಕೂರುವ ಮರ್ಯಾದೆ ಮಾತ್ರ ತಿಳಿದಿತ್ತು.

ಕೂತ ಮೇಲೆ ಮಾತು ಹುಟ್ಟಿತು. ಬ್ಯಾಂಕ್ಸ್, ಕುಕ್, ಪಾರ್ಕಿನ್ಸನ್ ಮೂವರೂ ಪದಪಟ್ಟಿಗಳನ್ನು ಬರೆದುಕೊಂಡರು. ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಗೊತ್ತಿರುವಂತೆ ಇಂಥ ಪಟ್ಟಿ ಮೈಯಿಂದ ಆರಂಭವಾಗುತ್ತದೆ: ತಲೆ, ಕೂದಲು, ಕಿವಿ, ತುಟಿ, ಮೂಗು. ಬೆರಳಿಟ್ಟು ತೋರಿಸಿದರೆ ಸಾಕು, ಮಾತು ಬರುತ್ತದೆ. ಹಾಗೆಯೇ, ಹಡಗಿನವರನ್ನು ಬೆರಗುಗೊಳಿಸಿದ್ದ ಒಂದು ಪ್ರಾಣಿಯ ಹೆಸರೂ ಬಂತು. ಜೂನ್ ಕೊನೆಯ ವಾರದಲ್ಲಿ ಕಣ್ಣಿಗೆ ಬಿದ್ದು ಕುಪ್ಪಳಿಸಿ ಮರೆಯಾಗುತ್ತಿದ್ದ ಆ ಪ್ರಾಣಿಯನ್ನು ಜುಲೈ 14ರಂದು ಅಧಿಕಾರಿ ಜಾನ್ ಗೋರ್ ಹೊಡೆದು ತಂದನು. ಅದಕ್ಕೆ ಎರಡು ದಿನ ಮೊದಲೇ, ಜುಲೈ 12ರ ದಿನಚರಿಯಲ್ಲಿ, ಬ್ಯಾಂಕ್ಸ್ ‘ಕಂಗುರು’ ಎಂಬ ಪದವನ್ನು ದಾಖಲಿಸಿದ್ದಾನೆ. ಕನ್ನಡದ ಮಕ್ಕಳ ಚಿತ್ರಪುಸ್ತಕಗಳಲ್ಲಿ ‘ಕಾಂಗರೂ’ ಎಂದು ಕಾಣಿಸಿಕೊಳ್ಳುವ ಪದದ ಮೊದಲ ಲಿಖಿತ ರೂಪ ಅದು.

ಸ್ನೇಹ ಬಹಳ ದಿನ ಉಳಿಯಲಿಲ್ಲ. ಹಡಗಿನವರು ದಿಬ್ಬಗಳಿಂದ ಹಿಡಿದು ತಂದ ಹತ್ತಾರು ಕಡಲಾಮೆಗಳು ಹಡಗಿನ ಮೇಲಿದ್ದವು. ಜುಲೈ 19ರಂದು ಬಂದ ಸ್ಥಳೀಯರು ಒಂದನ್ನು ಕೇಳಿದರು, ಕೊಡಲಿಲ್ಲ. ಅವರ ಕಡಲಿನಿಂದ, ಅವರನ್ನು ಕೇಳದೆ ತಂದವುಗಳಲ್ಲಿ ಒಂದನ್ನು. ಸಿಟ್ಟಿನಿಂದ ದಡಕ್ಕಿಳಿದ ಅವರು ಡೇರೆ ಕುಲುಮೆಗಳ ಸುತ್ತಣ ಒಣಹುಲ್ಲಿಗೆ ಬೆಂಕಿಯಿಟ್ಟರು. ಕುಕ್ ಬಂದೂಕು ಹಾರಿಸಿದನು, ಒಬ್ಬನಿಗೆ ಗಾಯವಾಯಿತು, ನೆಲಕ್ಕೆ ಕೆಲವು ಹನಿ ರಕ್ತ ಬಿತ್ತು. ರಕ್ತ ಬೀಳಬಾರದ ನೆಲ ಅದು. ಆಮೇಲೆ ನಡೆದುದನ್ನು ಕುಕ್‌ನೂ ಬ್ಯಾಂಕ್ಸನೂ ನಿಷ್ಠೆಯಿಂದ ಬರೆದಿಟ್ಟಿದ್ದಾರೆ. ಗಿಡ್ಡನೆಯ ಮುದುಕನೊಬ್ಬ ಮೊನೆಯಿಲ್ಲದ ಈಟಿಯನ್ನು ಹಿಡಿದು ಮುಂದೆ ಬಂದನು. ನಡುನಡುವೆ ನಿಂತು, ಕಂಕುಳಿನ ಬೆವರನ್ನು ಬೆರಳಿನಿಂದ ತೆಗೆದು ಬಾಯಿಗೆ ಸೋಕಿಸಿಕೊಳ್ಳುತ್ತಿದ್ದನು. ಹತ್ತಿರ ಬಂದು ಮಾತನಾಡಿದನು. ಎಲ್ಲರೂ ಕೂತರು. ಕಸಿದುಕೊಂಡಿದ್ದ ಈಟಿಗಳನ್ನು ಹಿಂತಿರುಗಿಸಲಾಯಿತು. ಬೆವರಿನ ಆ ಕ್ರಿಯೆಯ ಅರ್ಥ ಬರೆದವರಿಗೆ ಆಗಲಿಲ್ಲ. ಆಗಲಿಲ್ಲವಾದರೂ ಬಿಡದೆ ಬರೆದರು. ಅದು ಶಾಂತಿಯನ್ನೂ ರಕ್ಷೆಯನ್ನೂ ಕೋರುವ ವಿಧಿಯೆಂದು ಆ ಕುಲದ ಇಂದಿನವರು ವಿವರಿಸುತ್ತಾರೆ. ಒಂದು ದಾಖಲೆಗೆ ಅರ್ಥ ಸೇರಲು ಇನ್ನೂರು ವರ್ಷ ಬೇಕಾಯಿತೆಂದರೆ ದಾಖಲೆಯ ದೋಷವೆನ್ನುವುದಕ್ಕಿಂತ, ಕೇಳಬೇಕಾದವರನ್ನು ಅಷ್ಟು ಕಾಲ ಯಾರೂ ಕೇಳಲಿಲ್ಲವೆನ್ನುವುದು ಹೆಚ್ಚು ಸರಿ.

‘ಕಂಗುರು’ವಿನ ಕಥೆಯೂ ಇದೇ. 1788ರಲ್ಲಿ ಬ್ರಿಟಿಷರ ಮೊದಲ ನೌಕಾಸಮೂಹ ಕೈದಿಗಳನ್ನು ಹೊತ್ತು ಸಿಡ್ನಿಗೆ ಬಂದಾಗ ಕುಕ್‌ನ ಪದಪಟ್ಟಿ ಅವರ ಕೈಯಲ್ಲಿತ್ತು. ಸಿಡ್ನಿಯವರ ಭಾಷೆ ಬೇರೆ. ಆ ಪ್ರಾಣಿಗೆ ಅವರಲ್ಲಿದ್ದ ಹೆಸರು ‘ಪತಗರಂಗ್’ ಎಂಬಂಥದು. ಬಂದವರು ‘ಕಂಗರೂ ಕಂಗರೂ’ ಎನ್ನುವುದನ್ನು ಕೇಳಿ ಅವರು ಅದನ್ನು ಇಂಗ್ಲಿಷ್ ಪದವೆಂದೇ ಭಾವಿಸಿದರು; ಹಡಗಿನಿಂದ ಇಳಿದ ಸಾಕುಪ್ರಾಣಿಗಳನ್ನು ತೋರಿಸಿ ಇವೂ ಕಂಗರೂಗಳೇ ಎಂದು ಕೇಳಿದರೆಂದು ಅಧಿಕಾರಿಯಾಗಿದ್ದ ವಾಟ್ಕಿನ್ ಟೆಂಚ್ ಬರೆದಿದ್ದಾನೆ. ಒಂದು ಕುಲದ ಮಾತು ದೇಶಕ್ಕೆಲ್ಲ ಒಂದೇ ಎಂದು ತಿಳಿದದ್ದು ಬಂದವರ ತಪ್ಪು. ಇಡೀ ಭಾರತಕ್ಕೆ ಒಂದೇ ಭಾಷೆಯೆಂದು ನಂಬಿ ಮಂಗಳೂರಿನಲ್ಲಿ ಕಲಿತ ತುಳುವಿನ ಪದವನ್ನು ಕಾಶಿಯಲ್ಲಿ ಆಡಿದಂತೆ.

ಪದಕ್ಕೆ ನಿಜವಾದ ಸಂಕಟ ಬಂದದ್ದು 1820ರಲ್ಲಿ. ಫಿಲಿಪ್ ಪಾರ್ಕರ್ ಕಿಂಗ್ ಎಂಬ ನಾವಿಕ ಎಂಡೆವರ್ ನದಿಗೇ ಬಂದು ಅಲ್ಲಿಯ ಜನರಿಂದಲೇ ಪದಗಳನ್ನು ಸಂಗ್ರಹಿಸಿದನು. ಕುಕ್‌ನ ಪಟ್ಟಿಯ ಬಹುಪಾಲು ಪದಗಳು ತಾಳೆಯಾದವು. ಆದರೆ ಆ ಪ್ರಾಣಿಗೆ ಅವನಿಗೆ ದೊರೆತ ಪದ ‘ಮಿನ್ನಾ’ ಎಂಬಂತೆ ಕೇಳಿಸುವ ಬೇರೊಂದು. ಹಾಗಾದರೆ ಕುಕ್‌ಗೆ ಸಿಕ್ಕಿದ್ದೇನು? ಈ ಪ್ರಶ್ನೆಯ ಬೆನ್ನಿಗೆ ಹುಟ್ಟಿದ ಕಥೆ ಲೋಕವನ್ನೆಲ್ಲ ಸುತ್ತಿತು: ‘ಇದರ ಹೆಸರೇನು?’ ಎಂದು ಬಿಳಿಯ ಕೇಳಿದನಂತೆ, ‘ನನಗೆ ಗೊತ್ತಿಲ್ಲ’ ಎಂದು ಕರಿಯ ತನ್ನ ಭಾಷೆಯಲ್ಲಿ ಹೇಳಿದನಂತೆ, ಅದೇ ಹೆಸರಾಯಿತಂತೆ. ಕನ್ನಡದ ತರಗತಿಗಳಲ್ಲೂ ರಸಪ್ರಶ್ನೆಗಳಲ್ಲೂ ಈ ಕಥೆ ಇಂದಿಗೂ ಕೇಳಿಬರುತ್ತದೆ; ಪದನಿಷ್ಪತ್ತಿಯ ಪಾಠಕ್ಕೆ ಅದು ಒಳ್ಳೆಯ ಒಗ್ಗರಣೆ. ನಗೆ ಬರುತ್ತದೆ, ನಿಜ. ಆದರೆ ಆ ನಗೆಯ ಅಡಿಯಲ್ಲಿ ಕೂತಿರುವ ಊಹೆಯನ್ನು ಕೆದಕಿ ನೋಡಬೇಕು. ತನ್ನ ಕಾಡಿನ ಅತಿ ದೊಡ್ಡ ಬೇಟೆಯ ಪ್ರಾಣಿಯ ಹೆಸರೇ ಆ ಮನುಷ್ಯನಿಗೆ ತಿಳಿಯದು ಎಂದು ನಂಬಲು ಯಾರಿಗೂ ಕಷ್ಟವಾಗಲಿಲ್ಲ. ನಗೆಚಾಟಿಕೆ ಕುಕ್‌ನ ಮೇಲೆಂದು ಹೇಳುವವರು ಭಾವಿಸುತ್ತಾರೆ. ಪೆಟ್ಟು ಬೀಳುವುದು ಹೇಳಿದವನ ಮೇಲೆ.

ಈ ನಡುವೆ ಊರು ಹುಟ್ಟಿತು. 1873ರಲ್ಲಿ ಪಾಮರ್ ನದಿಯಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದ ಕೆಲವೇ ವಾರಗಳಲ್ಲಿ ಕುಕ್‌ಟೌನ್ ಬಂದರಾಯಿತು; ಸಾವಿರಾರು ಜನ ಬಂದಿಳಿದರು. ಮುಂದಿನ ವರ್ಷಗಳ ಕಾದಾಟಗಳಲ್ಲಿ ಆ ನೆಲದ ಜನ ದೊಡ್ಡ ಸಂಖ್ಯೆಯಲ್ಲಿ ಸತ್ತರು. ಉಳಿದವರಲ್ಲಿ ಅನೇಕರಿಗೆ ಆಸರೆಯಾದದ್ದು 1886ರಲ್ಲಿ ಕೇಪ್ ಬೆಡ್‌ಫರ್ಡಿನಲ್ಲಿ ಆರಂಭವಾದ ಲುಥರನ್ ಮಿಷನ್. ಅಲ್ಲಿ ಪಾದ್ರಿಯಾಗಿದ್ದ ಷ್ವಾರ್ಟ್ಸ್ ಅವರ ಭಾಷೆಯನ್ನು ಕಲಿತು ಪ್ರಾರ್ಥನೆಗೂ ಪಾಠಕ್ಕೂ ಬಳಸಿದನು. ಆ ಭಾಷೆ ಉಳಿಯುವುದಕ್ಕೆ ಅದೂ ಒಂದು ಕಾರಣ. 1942ರ ಮೇ ತಿಂಗಳಲ್ಲಿ, ಯುದ್ಧಕಾಲದ ಸಂಶಯದಿಂದ, ಜರ್ಮನಿಯಲ್ಲಿ ಹುಟ್ಟಿದ ಆ ವೃದ್ಧ ಪಾದ್ರಿಯನ್ನು ಬಂಧಿಸಿ ಮಿಷನ್ನಿನ ಜನರನ್ನೆಲ್ಲ ಬಹುದೂರ ತೆಂಕಣಕ್ಕೆ, ವೂರಬಿಂಡ ಎಂಬ ಒಳನಾಡಿಗೆ ಸಾಗಿಸಲಾಯಿತು. ಒಗ್ಗದ ಚಳಿಯಲ್ಲಿ, ರೋಗದಲ್ಲಿ ಹಲವರು ಅಲ್ಲೇ ಮಣ್ಣಾದರು. ಬದುಕಿದವರು 1949ರ ಬಳಿಕ ಮರಳಿ ಬಂದು ಕುಕ್‌ಟೌನಿನಿಂದ ಸುಮಾರು ನಲವತ್ತೈದು ಕಿಲೋಮೀಟರ್ ದೂರದಲ್ಲಿ ಹೋಪ್‌ವೇಲ್ ಎಂಬ ಊರನ್ನು ಕಟ್ಟಿಕೊಂಡರು. ಮಾತನ್ನು ಮಾತ್ರ ಎಲ್ಲಿಯೂ ಕಳಚಿಟ್ಟಿರಲಿಲ್ಲ.

ಹವಳದ ಕೆಳಗಿನ ಕಬ್ಬಿಣದ ಹುಡುಕಾಟ ಬೇರೆಯೇ ದಾರಿಯಲ್ಲಿ ನಡೆದಿತ್ತು. ಕುಕ್‌ನ ಯಾನದ ಇನ್ನೂರನೆಯ ವರ್ಷ ಸಮೀಪಿಸಿದಾಗ, 1969ರಲ್ಲಿ, ಫಿಲಡೆಲ್ಫಿಯಾದ ನೈಸರ್ಗಿಕ ವಿಜ್ಞಾನಗಳ ಅಕಾಡೆಮಿಯ ತಂಡ ಕಾಂತಮಾಪಕಗಳನ್ನು ಹಿಡಿದು ದಿಬ್ಬವನ್ನು ಸೋಸಿತು. ಕಣ್ಣಿಗೆ ಏನೂ ಕಾಣದು; ಹವಳ ಎಲ್ಲವನ್ನೂ ನುಂಗಿ ತನ್ನ ಮೈಯಾಗಿಸಿಕೊಂಡಿತ್ತು. ಕಾಂತದ ಮುಳ್ಳು ಅಲುಗಿದ ಕಡೆ ಒಡೆದು ನೋಡಿದರೆ ಆರೂ ತೋಪುಗಳು ಸಿಕ್ಕವು. ಅವುಗಳನ್ನು ಫಿಲಡೆಲ್ಫಿಯಾ, ಗ್ರೀನಿಚ್, ವೆಲಿಂಗ್ಟನ್ ಎಂದು ಲೋಕದ ನಾನಾ ಕಡೆಗೆ ಹಂಚಲಾಯಿತು. ಒಂದು ಕುಕ್‌ಟೌನಿಗೆ ಬಂತು. 1971ರಲ್ಲಿ ಲಂಗರೂ ಮೇಲೆ ಬಂತು. ಕಡಲಲ್ಲಿ ಶತಮಾನಗಳ ಕಾಲ ಇದ್ದ ಕಬ್ಬಿಣವನ್ನು ಹಾಗೆಯೇ ಗಾಳಿಗಿಟ್ಟರೆ ಒಳಗೆ ಸೇರಿದ ಉಪ್ಪು ಅದನ್ನು ಪದರು ಪದರಾಗಿ ಉದುರಿಸಿಬಿಡುತ್ತದೆ. ಹವಳದ ಚಿಪ್ಪನ್ನು ಬಿಡಿಸಿ, ಕ್ಷಾರದ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹಾಯಿಸಿ ತಿಂಗಳುಗಟ್ಟಲೆ ಉಪ್ಪನ್ನು ಹೊರಗೆಳೆಯುವುದು ಇಂಥ ವಸ್ತುಗಳ ಸಂರಕ್ಷಣೆಯ ಕ್ರಮ. ಅಂದಹಾಗೆ, ಹಡಗು ತಾನೇ ಹೆಸರು ಬದಲಿಸಿಕೊಂಡು, 1778ರಲ್ಲಿ ಅಮೆರಿಕದ ನ್ಯೂಪೋರ್ಟ್ ಬಂದರಿನಲ್ಲಿ ಶತ್ರುನೌಕೆಗಳಿಗೆ ಅಡ್ಡವಾಗಲೆಂದು ಮುಳುಗಿಸಲ್ಪಟ್ಟಿತು. ಅದು ಬೇಡವೆಂದು ಎಸೆದದ್ದು ಹವಳದ ಹೊಟ್ಟೆಯಲ್ಲಿ ಹೆಚ್ಚು ಭದ್ರವಾಗಿ ಉಳಿಯಿತು.

ಲಂಗರು ಮೇಲೆ ಬಂದ ಮರುವರ್ಷ, 1972ರಲ್ಲಿ, ಜಾನ್ ಹ್ಯಾವಿಲ್ಯಾಂಡ್ ಎಂಬ ಭಾಷಾಶಾಸ್ತ್ರಜ್ಞ ಹೋಪ್‌ವೇಲಿನಲ್ಲಿ ಗೂಗು ಯಿಮಿದಿರ್ ಭಾಷೆಯ ಅಧ್ಯಯನಕ್ಕೆ ತೊಡಗಿದನು. ಅಲ್ಲಿಯವರಿಗೆ ಕುಕ್‌ನ ಪದ ಗೊತ್ತಿತ್ತು. ಅದು ಅವರದೇ ಪದ. ಕಾಂಗರೂಗಳ ಬೇರೆ ಬೇರೆ ಬಗೆಗಳಿಗೆ ಆ ಭಾಷೆಯಲ್ಲಿ ಬೇರೆ ಬೇರೆ ಹೆಸರುಗಳಿವೆ. ಅವುಗಳಲ್ಲಿ ಒಂದು ದೊಡ್ಡ ಬಗೆಯ ಹೆಸರು ಕುಕ್‌ನವರು ಬರೆದುಕೊಂಡದ್ದು. ಕಿಂಗ್‌ಗೆ ದೊರೆತ ‘ಮಿನ್ಹ’ ಎಂದರೆ ತಿನ್ನಲು ಬರುವ ಪ್ರಾಣಿ, ಬೇಟೆ, ಮಾಂಸ. ಒಬ್ಬನಿಗೆ ಜಾತಿಯ ಹೆಸರು ಸಿಕ್ಕಿತು, ಇನ್ನೊಬ್ಬನಿಗೆ ವರ್ಗದ ಹೆಸರು. ಒಳಹಲಗೆಯಿಂದ ಅಳೆದವನೂ ಹೊರಹಲಗೆಯಿಂದ ಅಳೆದವನೂ ಸರಿಯಾಗಿಯೇ ಅಳೆದಿದ್ದರು. 1974ರಲ್ಲಿ ‘ಓಷಿಯಾನಿಯಾ’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಹ್ಯಾವಿಲ್ಯಾಂಡ್ ಕುಕ್‌ನ ಪಟ್ಟಿಯನ್ನು ಜೀವಂತ ಭಾಷೆಯೊಂದಿಗೆ ಇಟ್ಟು ನೋಡಿದನು. ಅದಕ್ಕೆ ಮುಕ್ಕಾಲು ಶತಮಾನ ಹಿಂದೆಯೇ, 1898ರಲ್ಲಿ, ವಾಲ್ಟರ್ ರಾತ್ ಎಂಬ ಮಾನವಶಾಸ್ತ್ರಜ್ಞ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ ಈ ಪದ ನಿಜವೆಂದು ತಿಳಿಸಿದ್ದನು. ನಿಘಂಟುಕಾರರ ಕಣ್ಣಿಗೆ ಅದು ಬೀಳಲಿಲ್ಲ. ಮೂರಡಿ ಹವಳದ ಕೆಳಗಿನ ಕಬ್ಬಿಣವನ್ನು ಹುಡುಕಲು ಸಾಗರ ದಾಟಿ ಬರುವವರಿದ್ದರು. ರಸ್ತೆಯ ಆಚೆ ಬದಿಯಲ್ಲಿ ಆಡುತ್ತಿದ್ದ ಮಾತನ್ನು ಕೇಳಲು ಮಾತ್ರ ನೂರೈವತ್ತು ವರ್ಷ ಯಾರಿಗೂ ತೋಚಲಿಲ್ಲ.

ಪದದ ಧ್ವನಿಯ ಬಗ್ಗೆ ಕನ್ನಡಿಗರು ಗಮನಿಸಬೇಕಾದ ಒಂದಂಶವಿದೆ. ಮೂಲದಲ್ಲಿ ನಡುವಿನ ವ್ಯಂಜನ ‘ಂಗ’ ಅಲ್ಲ, ಬರಿಯ ಕಂಠ್ಯಾನುನಾಸಿಕ. ಇಂಗ್ಲಿಷಿನವರು ಅದರ ಹಿಂದೆ ಒಂದು ‘ಗ’ಕಾರವನ್ನು ಸೇರಿಸಿಕೊಂಡರು; ಅವರಿಂದ ಪಡೆದ ಕನ್ನಡವೂ ಹಾಗೆಯೇ ‘ಕಾಂಗರೂ’ ಎಂದಿತು. ಮೂಲಕ್ಕೆ ಹತ್ತಿರವಾಗಿ ಬರೆಯುವುದಾದರೆ ‘ಗಙುರ್ರು’ ಎಂದು ಬರೆಯಬೇಕು. ವರ್ಣಮಾಲೆಯಲ್ಲಿ ಸ್ಥಾನ ಉಳಿಸಿಕೊಂಡು, ಬಳಕೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ‘ಙ’ ಅಕ್ಷರಕ್ಕೆ ಇಷ್ಟು ದೂರದಿಂದ ಒಂದು ಕೆಲಸ ಬಂದಂತಾಯಿತು. ಇನ್ನು ಮೊದಲಕ್ಷರ ‘ಕ’ವೋ ‘ಗ’ವೋ ಎಂಬ ಜಗಳಕ್ಕೆ ಅರ್ಥವಿಲ್ಲ, ಆ ಭಾಷೆ ಅವೆರಡನ್ನು ಬೇರೆ ಬೇರೆ ಧ್ವನಿಮಾಗಳಾಗಿ ಎಣಿಸುವುದಿಲ್ಲ. ಆದರೆ ರೇಫದಲ್ಲಿ ಎರಡು ಬಗೆಯನ್ನು ಎಣಿಸುತ್ತದೆ. ಶಕಟರೇಫವನ್ನು ಕಳೆದುಕೊಂಡ ಕನ್ನಡಕ್ಕೆ ಅದರ ಬೆಲೆ ತಿಳಿಯದೇನಲ್ಲ.

ಅದೇ ಭಾಷೆಯ ಇನ್ನೊಂದು ಗುಣ ಈಚಿನ ದಶಕಗಳಲ್ಲಿ ವಿದ್ವಲ್ಲೋಕದಲ್ಲಿ ಪ್ರಸಿದ್ಧವಾಗಿದೆ. ಎಡ ಬಲ, ಮುಂದೆ ಹಿಂದೆ ಎನ್ನುವ ಕಡೆಗಳಲ್ಲಿ ಆ ಜನ ದಿಕ್ಕುಗಳನ್ನು ಹೇಳುತ್ತಾರೆ: ಗುಂಗ ಎಂದರೆ ಬಡಗು, ಜಿಬ ತೆಂಕು, ನಗ ಮೂಡು, ಗುವ ಪಡು. ಹೋಪ್‌ವೇಲಿನ ಹಿರಿಯನೊಬ್ಬ ತಾನು ಪಾರಾದ ಒಂದು ದೋಣಿ ದುರಂತದ ಕಥೆಯನ್ನು 1980ರಲ್ಲಿ ಹ್ಯಾವಿಲ್ಯಾಂಡನ ಮುಂದೆ ಪಡುವಣಕ್ಕೆ ಮುಖಮಾಡಿ ಹೇಳಿದನು. ಎರಡು ವರ್ಷಗಳ ಬಳಿಕ ಸ್ಟೀಫನ್ ಲೆವಿನ್ಸನ್ ಎಂಬ ಇನ್ನೊಬ್ಬ ಸಂಶೋಧಕನಿಗೆ ಅದೇ ಕಥೆಯನ್ನು ಬಡಗಣಕ್ಕೆ ಮುಖಮಾಡಿ ಹೇಳಿದನು. ದೋಣಿ ಮಗುಚಿದ್ದನ್ನು ಕೈಯಲ್ಲಿ ತೋರಿಸುವಾಗ ಮೊದಲ ಸಲ ಕೈ ಮೈಯಿಂದ ಮುಂದಕ್ಕೆ ಉರುಳಿತ್ತು. ಎರಡನೆಯ ಸಲ ಬಲದಿಂದ ಎಡಕ್ಕೆ. ಎರಡು ಸಲವೂ ಮೂಡಣಿಂದ ಪಡುವಣಕ್ಕೆ. ದೋಣಿ ನಿಜವಾಗಿ ಮಗುಚಿದ್ದು ಆ ದಿಕ್ಕಿಗೇ. ಕಥನಶಾಸ್ತ್ರವನ್ನು ಓದುವವರು ಈ ಎರಡು ನಿರೂಪಣೆಗಳ ಮೇಲ್ಮೈಯ ವ್ಯತ್ಯಾಸವನ್ನಷ್ಟೇ ನೋಡಿದರೆ ಪಾಠಾಂತರವೆಂದು ಬರೆದುಕೊಂಡಾರು. ಅಲ್ಲಿ ಪಾಠ ಒಂದೇ; ಕೇಳುವವನು ಕುಳಿತ ಕಡೆ ಬೇರೆ.

ಕುಕ್‌ಟೌನಿನಲ್ಲಿ ಪ್ರತಿವರ್ಷ ಜೂನ್ ತಿಂಗಳಲ್ಲಿ ನದಿಯ ದಡದ ಮೇಲೆ ಎಂಡೆವರ್ ಬಂದುದನ್ನು ಅಭಿನಯಿಸುತ್ತಾರೆ. ಬಹಳ ಕಾಲ ಅದು ಕೆಂಪು ಅಂಗಿಯವರು ಬಂದಿಳಿಯುವ ಆಟವಾಗಿತ್ತು. ಈಗ ಆಮೆಯ ಜಗಳವೂ ಮೊನೆ ಮುರಿದ ಈಟಿಯೂ ಅದರಲ್ಲಿ ಸೇರಿವೆ. ಗೂಗು ಯಿಮಿದಿರ್ ಜನ ತಮ್ಮ ಪೂರ್ವಜರ ಪಾತ್ರವನ್ನು ತಾವೇ ವಹಿಸುತ್ತಾರೆ. ಮ್ಯೂಸಿಯಮ್ಮಿನ ಒಳಗೆ ಲಂಗರು ತನ್ನ ಎಡೆಯಲ್ಲಿದೆ. ಅದನ್ನು ಹಡಗಿಗೆ ಬಿಗಿದಿದ್ದ ಸೆಣಬಿನ ಹಗ್ಗ ಹವಳದ ನಡುವೆ ಎಂದೋ ಕರಗಿಹೋಯಿತು.